ವೀರನಿಗೆ ಒಲವು ಹೊರೆಯೇ?

ಹತ್ತು ಮಂದಿಯನ್ನು ಒಬ್ಬನೇ ಹೊಡೆದು ಕೆಡವಿದ ನಾಯಕ ಮರುಗಳಿಗೆಯಲ್ಲೇ ನಾಯಕಿಯ ಹಿಂದೆ ಹಾಡುತ್ತ ಓಡತೊಡಗಿದರೆ ಚಿತ್ರಮಂದಿರದಲ್ಲಿ ಕುರ್ಚಿಗಳ ಸದ್ದು ಕೇಳತೊಡಗುತ್ತದೆ. ಒಬ್ಬೊಬ್ಬರಾಗಿ ಎದ್ದು ಟೀ ಕುಡಿಯಲು ಹೊರಡುತ್ತಾರೆ. ದೊಡ್ಡಬಳ್ಳಾಪುರದಲ್ಲಾದರೂ ಅಷ್ಟೆ, ಹೊಸಕೋಟೆಯಲ್ಲಾದರೂ ಅಷ್ಟೆ. ಹೊರಗೆ ನಿಂತವರ ಮಾತೂ ಬಹುಮಟ್ಟಿಗೆ ಒಂದೇ: 'ಫೈಟಿಂಗ್ ಚೆನ್ನಾಗಿತ್ತು, ಮಧ್ಯದಲ್ಲಿ ಈ ಲವ್ ಬಂದು ಕೆಡಿಸಿತು.'

ಈ ದೂರಿನಲ್ಲಿ ಎರಡು ಆಪಾದನೆಗಳು ಸೇರಿಕೊಂಡಿವೆ. ಪ್ರೇಮ ಪ್ರಸಂಗ ಕಥೆಯ ಓಟವನ್ನು ತಡೆಯುತ್ತದೆ ಎಂಬುದು ಒಂದು. ಇದು ಚಿತ್ರಕಥೆಯ ಕಸುಬಿಗೆ ಸಂಬಂಧಿಸಿದ ಮಾತು. ಎರಡನೆಯದು ಹೆಚ್ಚು ಆಳವಾದದ್ದು: ಪ್ರೀತಿ ಗಂಡಸನ್ನು ಮೆತ್ತಗೆ ಮಾಡುತ್ತದೆ, ಗಟ್ಟಿ ಆಳು ಹೆಣ್ಣಿನ ಕಡೆ ತಿರುಗಿದರೆ ಅವನ ಕೆಚ್ಚು ಇಳಿಯುತ್ತದೆ ಎಂಬುದು. ಬರೀ ಸಿನಿಮಾದ ಮಾತಾಗಿದ್ದರೆ ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಹದಿನಾರು–ಹದಿನೇಳರ ಹುಡುಗರು ಗಂಡಸುತನವೆಂದರೆ ಏನು, ಹೆಣ್ಣಿನೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಪಾಠವನ್ನು ಕಲಿಯುವ ಜಾಗಗಳಲ್ಲಿ ಬೆಳ್ಳಿತೆರೆಯೂ ಒಂದು. ಆದ್ದರಿಂದ ಈ ಪ್ರಶ್ನೆಯನ್ನು ಸ್ವಲ್ಪ ಹಿಂದಿನಿಂದ ನೋಡುವುದು ಒಳ್ಳೆಯದು.

ಹಿಂದಿನಿಂದ ಎಂದರೆ ಎಷ್ಟು ಹಿಂದಿನಿಂದ? ಸಿನಿಮಾ, ಕಂಪನಿ ನಾಟಕಗಳು ಹುಟ್ಟುವುದಕ್ಕೂ ಸಾವಿರ ವರ್ಷ ಮೊದಲೇ ನಮ್ಮ ಜಿಲ್ಲೆಯ ಹಳ್ಳಿಗಳ ಬಾಗಿಲಲ್ಲಿ ವೀರನ ಕಥೆ ಚಿತ್ರವಾಗಿ ನಿಂತಿದೆ. ಅಲ್ಲಿಂದಲೇ ಆರಂಭಿಸೋಣ.

ಊರ ಮುಂದಿನ ಎರಡು ಕಲ್ಲು

ದೇವನಹಳ್ಳಿ, ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಯಲ್ಲಿ ಕೆರೆ ಏರಿಯ ಮೇಲೋ ಅರಳಿಕಟ್ಟೆಯ ಮಗ್ಗುಲಲ್ಲೋ ವೀರಗಲ್ಲು ನಿಂತಿರುವುದನ್ನು ಅನೇಕರು ಕಂಡಿರುತ್ತಾರೆ. ಈ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ದನ ಹಿಡಿದವರನ್ನು ಅಟ್ಟಿಸಿಕೊಂಡು ಹೋಗಿ ಮಡಿದವನು, ಊರಿಗೆ ಮುತ್ತಿಗೆ ಬಿದ್ದಾಗ ಕಾದಾಡಿ ಸತ್ತವನು, ಒಡೆಯನಿಗಾಗಿ ಪ್ರಾಣ ಕೊಟ್ಟವನು – ಇವರೇ ಈ ಕಲ್ಲುಗಳ ನಾಯಕರು. ಇವುಗಳಲ್ಲಿ ಹೆಸರಾದದ್ದು ಬೇಗೂರಿನಲ್ಲಿ ದೊರೆತ, ಸುಮಾರು 900ರ ಗಂಗರ ಕಾಲದ ನಾಗತ್ತರನ ಕಲ್ಲು. ಆನೆ, ಕುದುರೆ, ಕಾಲಾಳುಗಳ ಘೋರ ಕಾಳಗವನ್ನು ಬಿಡಿಸಿದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಾಮಾನ್ಯವಾದ ವೀರಗಲ್ಲಿಗೆ ಮೂರು ಅಂತಸ್ತು. ಕೆಳಗೆ ಯುದ್ಧ. ನಡುವೆ ಸತ್ತ ವೀರನನ್ನು ತೋಳಿಗೆ ತೋಳು ಕೊಟ್ಟು ಮೇಲಕ್ಕೆ ಒಯ್ಯುತ್ತಿರುವ ಅಪ್ಸರೆಯರು. ತುದಿಯಲ್ಲಿ ಕೈಲಾಸ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದನ್ನು ನಾಡಿನ ಅನೇಕ ವೀರಗಲ್ಲುಗಳ ಮೇಲೆ ಕೆತ್ತಿಸಿದ್ದಾರೆ. ಅಂದರೆ ವೀರನ ಕಥೆಯಿಂದ ಹೆಣ್ಣನ್ನು ಹೊರಗಿಡಬೇಕೆಂದು ನಮ್ಮ ಹಿರಿಯರಿಗೆ ಅನ್ನಿಸಿರಲಿಲ್ಲ. ಬದಲಾಗಿ ಶೌರ್ಯಕ್ಕೆ ಸಲ್ಲುವ ಬಹುಮಾನವಾಗಿ ಅವಳನ್ನು ಕಲ್ಲಿನ ನಟ್ಟನಡುವೆ ಕೂರಿಸಿದರು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹಲವು ಕಡೆ ವೀರಗಲ್ಲಿನ ಹತ್ತಿರದಲ್ಲೇ ಇನ್ನೊಂದು ಬಗೆಯ ಕಲ್ಲು ಸಿಗುತ್ತದೆ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ತೋಳು, ಮುಂಗೈ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಅದು ಮಾಸ್ತಿಗಲ್ಲು, ಗಂಡನ ಚಿತೆ ಏರಿದ ಮಹಾಸತಿಯ ಗುರುತು. ಹೊಸಕೋಟೆಯ ಆಚೆ ಮಾಲೂರು ತಾಲ್ಲೂಕಿನ ಮಾಸ್ತಿ ಊರಿನ ಹೆಸರೇ ಇದರಿಂದ ಬಂದದ್ದೆನ್ನುತ್ತಾರೆ. ವೀರನಿಗೆ ಅಪ್ಸರೆ ದೊರೆತಳು, ಅವನ ಹೆಂಡತಿಗೆ ದೊರೆತದ್ದು ಬೆಂಕಿ. ಗಂಡಿನ ಶೌರ್ಯದ ಬೆಲೆಯನ್ನು ಹೆಣ್ಣು ತೆರುವ ಈ ಲೆಕ್ಕ ಮುಂದೆ ಸಿನಿಮಾದಲ್ಲೂ ತಲೆಹಾಕುವುದನ್ನು ನೋಡಲಿದ್ದೇವೆ.

ಪಂಪನ ಅರ್ಜುನ, ರನ್ನನ ಭೀಮ

ಕನ್ನಡದ ಆದಿಕವಿ ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಬರೆದಾಗ ಅವನ ಮುಂದೆಯೂ ಇದೇ ಸಮಸ್ಯೆ ಇತ್ತು. ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯ ಬರೆಯುತ್ತಿದ್ದ ಅವನಿಗೆ ಐವರು ಗಂಡಂದಿರ ದ್ರೌಪದಿ ಕಥೆಗೆ ಒಗ್ಗಲಿಲ್ಲ. ಹಾಗಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಕೊನೆಯ ಪಟ್ಟಾಭಿಷೇಕದಲ್ಲಿ ಮಾತ್ರ ಅರ್ಜುನನ ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ತುಂಬಿದ ಸಭೆಯಲ್ಲಿ ಮುಡಿ ಎಳೆಸಿಕೊಂಡವಳು ದ್ರೌಪದಿ, ಆ ಸೇಡು ತೀರಿಸಿ ಮುಡಿ ಕಟ್ಟಿಸಿದವನು ಭೀಮ, ಕಾವ್ಯದ ನಾಯಕ ಅರ್ಜುನ, ಅವನ ಪಟ್ಟದ ರಾಣಿ ಸುಭದ್ರೆ! ಪಂಪನ ಕಾವ್ಯಶಕ್ತಿಗೆ ತಲೆಬಾಗಿದ ವಿಮರ್ಶಕರೂ ಈ ಒಂದು ಎಡೆಯಲ್ಲಿ ಕಥೆಯ ಬಿಗಿ ಸಡಿಲಾಯಿತೆಂದು ಹೇಳಿದ್ದುಂಟು.

ಕೆಲವು ದಶಕಗಳ ನಂತರ ಬಂದ ರನ್ನ ಬೇರೆ ದಾರಿ ಹಿಡಿದ. ಅವನ 'ಗದಾಯುದ್ಧ'ದಲ್ಲಿ ಭೀಮನೇ ನಾಯಕ. ದ್ರೌಪದಿಯ ಬಿಚ್ಚಿದ ಮುಡಿಯೇ ಅವನ ಕೋಪದ ಮೂಲ. ಪಟ್ಟಾಭಿಷೇಕವೂ ಭೀಮನಿಗೆ, ಪಟ್ಟದ ರಾಣಿಯೂ ದ್ರೌಪದಿಯೇ. ಯಾರ ಅವಮಾನಕ್ಕಾಗಿ ಯುದ್ಧವಾಯಿತೋ ಅವಳೇ ಕೊನೆಗೆ ಪಕ್ಕದಲ್ಲಿ ಕುಳಿತಳು. ಮಹಾಭಾರತದ ವೀರರಲ್ಲಿ ಭೀಮನಷ್ಟು ಒರಟ ಮತ್ತೊಬ್ಬನಿಲ್ಲ. ಹೆಂಡತಿಯ ಮೇಲಿನ ಪ್ರೀತಿ ಅವನ ಗದೆಯ ತೂಕ ಕಡಿಮೆ ಮಾಡಿತೆಂದು ಯಾರಾದರೂ ಹೇಳಲಾದೀತೇ? ಕುಮಾರವ್ಯಾಸನಲ್ಲೂ ಹಾಗೆಯೇ. ಕೀಚಕನಿಂದ ಕಾಟ ಉಂಡ ದ್ರೌಪದಿ ಅಳಲು ತೋಡಿಕೊಳ್ಳಲು ರಾತ್ರಿ ಹೊತ್ತು ಹುಡುಕಿಕೊಂಡು ಹೋಗುವುದು ಧರ್ಮರಾಯನನ್ನಲ್ಲ, ಅರ್ಜುನನನ್ನೂ ಅಲ್ಲ, ಅಡುಗೆಮನೆಯಲ್ಲಿ ಮಲಗಿದ್ದ ಭೀಮನನ್ನು.

ಈ ಹೋಲಿಕೆಯಿಂದ ಒಂದು ಸೂತ್ರ ಹೊರಡುತ್ತದೆ. ನಾಯಕಿಯ ನೋವು, ಅವಳ ಮಾತು, ಅವಳ ತೀರ್ಮಾನ ನಾಯಕನ ನಡೆಯನ್ನು ಬದಲಿಸುವಂತಿದ್ದರೆ ಪ್ರೇಮ ಅವನಿಗೆ ಬಲ. ಅವಳು ಇದ್ದರೂ ಇಲ್ಲದಿದ್ದರೂ ಅವನು ಮಾಡುವುದು ಅದನ್ನೇ ಆಗಿದ್ದರೆ ಪ್ರೇಮ ಬರೀ ಹೊರೆ. ಈ ಒರೆಗಲ್ಲನ್ನು ಕೈಯಲ್ಲಿ ಹಿಡಿದು ಮುಂದೆ ಹೋಗಬಹುದು.

ರಾತ್ರಿಯಿಡೀ ಕುರುಕ್ಷೇತ್ರ

ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಭಾರತದ ಕಥೆ ಇಂದಿಗೂ ಜೀವಂತವಾಗಿರುವುದು 'ಕುರುಕ್ಷೇತ್ರ' ನಾಟಕದ ಮೂಲಕ. ಗುಬ್ಬಿ ವೀರಣ್ಣನವರ ಕಂಪನಿ ಆನೆ, ಕುದುರೆಗಳನ್ನು ರಂಗಕ್ಕೆ ತಂದು ಪ್ರಸಿದ್ಧಿಗೊಳಿಸಿದ ಈ ವಸ್ತು ಕ್ರಮೇಣ ಹಳ್ಳಿಗರ ಸ್ವತ್ತಾಯಿತು. ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಹೊತ್ತಿಗೆ, ಹಾರ್ಮೋನಿಯಂ ಮೇಷ್ಟರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣ, ಭೀಮ, ಕರ್ಣರ ಪಾತ್ರಗಳಿಗೆ ಬೇಡಿಕೆ ಜಾಸ್ತಿ, ದರವೂ ಜಾಸ್ತಿ. ಸ್ತ್ರೀ ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಗೊತ್ತುಮಾಡುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾವಿರಾರು ರೂಪಾಯಿ ಕೊಟ್ಟು ದುರ್ಯೋಧನನಾದ ರೈತ ತನ್ನ ಅಟ್ಟಹಾಸದ ದೃಶ್ಯಗಳಷ್ಟನ್ನೇ ಇಟ್ಟುಕೊಂಡು ಭಾನುಮತಿಯ ದೃಶ್ಯವನ್ನು ಕೈಬಿಡಿ ಎನ್ನುವುದಿಲ್ಲ. ಅಭಿಮನ್ಯು ಚಕ್ರವ್ಯೂಹಕ್ಕೆ ಹೊರಡುವ ಮುನ್ನ ಉತ್ತರೆಯಿಂದ ಬೀಳ್ಕೊಳ್ಳುವ ಪ್ರಸಂಗ ಬಂದಾಗ ಜನ ಎದ್ದು ಹೋಗುವುದಿಲ್ಲ, ಕಣ್ಣೊರೆಸಿಕೊಳ್ಳುತ್ತಾರೆ. ಯಾಕೆಂದರೆ ಆ ಹುಡುಗ ಹಿಂತಿರುಗಿ ಬರುವುದಿಲ್ಲವೆಂಬುದು ನೋಡುವವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವನು ಎಷ್ಟು ದೊಡ್ಡದನ್ನು ಬಿಟ್ಟು ಹೋಗುತ್ತಿದ್ದಾನೆ ಎಂಬುದನ್ನು ತೋರಿಸುವವಳು ಉತ್ತರೆಯೇ. ಕಳೆದುಕೊಳ್ಳಲು ಏನೂ ಇಲ್ಲದವನು ಸಾವಿಗೆ ನುಗ್ಗಿದರೆ ಅದರಲ್ಲಿ ಅಂಥ ಹೆಚ್ಚುಗಾರಿಕೆ ಏನಿದೆ?

ರಣಧೀರನಿಂದ ಸಿಐಡಿ 999ರವರೆಗೆ

ಕನ್ನಡ ಸಿನಿಮಾ ತನ್ನ ನಾಯಕನನ್ನು ರಂಗಭೂಮಿಯಿಂದಲೇ ಪಡೆಯಿತು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರ 'ಬೇಡರ ಕಣ್ಣಪ್ಪ'ದಲ್ಲಿ ಬಿಲ್ಲು ಹಿಡಿದು ಬಂದಾಗ ಪಂಢರಿಬಾಯಿ ಅವರ ಹೆಂಡತಿಯಾಗಿದ್ದರು. 1960ರಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದ ಕಲಾವಿದರು ಸೇರಿ 'ರಣಧೀರ ಕಂಠೀರವ'ವನ್ನು ನಿರ್ಮಿಸಿದರು. 1638ರಿಂದ 1659ರವರೆಗೆ ಮೈಸೂರನ್ನು ಆಳಿದ, ಜಟ್ಟಿಗಳನ್ನು ಮಣ್ಣು ಮುಕ್ಕಿಸಿದನೆಂದು ಹೆಸರಾದ ಅರಸನ ಕಥೆ ಅದು. ಆ ಚಿತ್ರದ ತಾರಾಗಣದಲ್ಲಿದ್ದ ಲೀಲಾವತಿ ಮುಂದೆ ನೆಲಮಂಗಲದ ಹತ್ತಿರದ ಸೋಲದೇವನಹಳ್ಳಿಯಲ್ಲಿ ನೆಲೆಸಿ, ತೋಟ ಮಾಡಿ, ಊರಿನವರಿಗೊಂದು ಆಸ್ಪತ್ರೆ ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ಅವರು ತೀರಿಕೊಂಡಾಗ ಸುತ್ತಲ ಹಳ್ಳಿಗಳವರು ತಮ್ಮ ಮನೆಯವರನ್ನೇ ಕಳೆದುಕೊಂಡಂತೆ ಮರುಗಿದರು. ನಾಯಕನ ಪಕ್ಕದಲ್ಲಿ ನಿಂತವಳು ಎಂದಷ್ಟೇ ನಾವು ನೆನೆಯುವ ಎಷ್ಟೋ ನಾಯಕಿಯರಿಗೆ ಅವರದೇ ಆದ ಕೆಚ್ಚಿನ ಬದುಕು ಇತ್ತೆಂಬುದಕ್ಕೆ ಇದು ಒಂದು ಉದಾಹರಣೆ.

1968ರಲ್ಲಿ ದೊರೈ–ಭಗವಾನ್ ಜೋಡಿ 'ಜೇಡರ ಬಲೆ'ಯನ್ನು ತಂದಿತು. ಜೇಮ್ಸ್ ಬಾಂಡ್ ಮಾದರಿಯ ಪತ್ತೇದಾರ, ಸಿಐಡಿ 999, ಏಜೆಂಟ್ ಪ್ರಕಾಶ್. 'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರ 'ಆಪರೇಷನ್ ಡೈಮಂಡ್ ರಾಕೆಟ್' ಅದೇ ಸರಣಿಯವು. ಜಯಂತಿ, ಲಕ್ಷ್ಮಿ, ಮುಂದೆ ಹಿಂದಿಯಲ್ಲಿ ದೊಡ್ಡ ತಾರೆಯಾದ ರೇಖಾ, ಪದ್ಮಪ್ರಿಯಾ – ಪ್ರತಿ ಚಿತ್ರಕ್ಕೂ ಒಬ್ಬ ಹೊಸ ನಾಯಕಿ. ಇಲ್ಲಿ ಪ್ರೇಮ ಹೆಚ್ಚಾಗಿ ಅಲಂಕಾರ. ಚಿತ್ರ ಮುಗಿದರೆ ಪ್ರೇಮವೂ ಮುಗಿಯಿತು, ಮುಂದಿನ ಚಿತ್ರದಲ್ಲಿ ಅವಳ ನೆನಪೂ ಇಲ್ಲ. ಮೂಲ ಬಾಂಡ್‌ನ ಹಾದಿಯೂ ಇದೇ. ಆದರೆ 1969ರ ಒಂದು ಚಿತ್ರದಲ್ಲಿ ಬಾಂಡ್ ನಿಜವಾಗಿಯೂ ಮದುವೆಯಾದ, ಮದುವೆಯ ದಿನವೇ ಅವನ ಹೆಂಡತಿ ಗುಂಡಿಗೆ ಬಲಿಯಾದಳು. ಹೆಣ್ಣುಗಳನ್ನು ಅಂಗಿಯಂತೆ ಬದಲಿಸುತ್ತಿದ್ದವನು ಹೆಣದ ಮುಂದೆ ಕುಳಿತ ಆ ಒಂದು ದೃಶ್ಯ, ಅವನೂ ಮನುಷ್ಯನೆಂಬುದನ್ನು ಪ್ರೇಕ್ಷಕರಿಗೆ ತೋರಿಸಿತು.

ದೇವುಡು ಅವರ ಕಾದಂಬರಿಯನ್ನು ಆಧರಿಸಿದ 'ಮಯೂರ' (1975) ಇನ್ನೊಂದು ಬಗೆಯದು. ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಬಗ್ಗೆ ತಾಳಗುಂದದ ಶಾಸನ ಹೇಳುವುದು ಕಂಚಿಯ ಘಟಿಕೆಯಲ್ಲಿ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಅವಮಾನಗೊಂಡು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು. ಚಿತ್ರದಲ್ಲಿ ಇದರೊಡನೆ ಮಂಜುಳಾ ನಟಿಸಿದ ರಾಜಕುಮಾರಿಯ ಪ್ರೇಮವೂ ಸೇರಿಕೊಂಡಿತು. ಹಾಗೆಂದು ಮಯೂರನ ಸಿಡಿಲಿನಂಥ ಮಾತುಗಳ ಮೊನೆ ಮುರಿದುದಾಗಿ ಯಾರಿಗೂ ಅನ್ನಿಸಲಿಲ್ಲ.

ಎರಡು ವರ್ಷಗಳ ನಂತರದ 'ಬಭ್ರುವಾಹನ'ದಲ್ಲಂತೂ ಪ್ರೇಮವೇ ಯುದ್ಧದ ಬೀಜ. ಅರ್ಜುನ ಚಿತ್ರಾಂಗದೆಯನ್ನು ಮೆಚ್ಚಿ, ಮದುವೆಯಾಗಿ, ಮರೆತುಬಿಟ್ಟ. ಅವಳನ್ನು ಶಂಕಿಸಿ ಆಡಿದ ಮಾತಿಗೆ ಮಗನೇ ಅವನೆದುರು ಬಿಲ್ಲು ಹಿಡಿದ. ತಂದೆ, ಮಗ ಇಬ್ಬರೂ ರಾಜ್‌ಕುಮಾರ್. ಚಿತ್ರಾಂಗದೆಯಾದವರು ಬಿ. ಸರೋಜಾದೇವಿ. 2025ರ ಜುಲೈನಲ್ಲಿ ತೀರಿಕೊಂಡ ಅವರ ಅಂತ್ಯಕ್ರಿಯೆ ನಡೆದದ್ದು ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ. ಈ ಚಿತ್ರದಿಂದ ಚಿತ್ರಾಂಗದೆಯ ಪ್ರಸಂಗವನ್ನು ಕಿತ್ತುಹಾಕಿದರೆ ಕಾಳಗಕ್ಕೆ ಕಾರಣವೇ ಉಳಿಯುವುದಿಲ್ಲ.

ಕೋಪದ ಹುಡುಗ, ವೇಷದ ಪೊಲೀಸ್

1972ರಲ್ಲಿ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಕಾದಂಬರಿಗಳಿಂದ 'ನಾಗರಹಾವು' ಮಾಡಿದಾಗ ಕನ್ನಡಕ್ಕೊಬ್ಬ ಹೊಸ ನಾಯಕ ಸಿಕ್ಕಿದ. ಚಿತ್ರದುರ್ಗದ ರಾಮಾಚಾರಿ ಯಾರಿಗೂ ಬಗ್ಗುವವನಲ್ಲ. ಅಂಥವನು ಚಾಮಯ್ಯ ಮೇಷ್ಟರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳನ್ನು ವೇಶ್ಯೆಯಾಗಿ ಕಂಡಾಗ, ಮೇಷ್ಟರ ಮಾತು ಕೇಳಿದ್ದೇ ತಪ್ಪಾಯಿತೇ ಎಂಬ ಪ್ರಶ್ನೆ ಅವನನ್ನು ಸುಡುತ್ತದೆ. ಮಾರ್ಗರೆಟ್‌ಳ ಪ್ರಸಂಗದಲ್ಲಿ ಅವನು ಬಗ್ಗುವುದಿಲ್ಲ, ಪರಿಣಾಮ ಮೂವರ ಸಾವು. ವಿಷ್ಣುವರ್ಧನ್ ಅವರ ಆ ಉರಿಗಣ್ಣು ಇಂದಿಗೂ ನೆನಪಿನಲ್ಲಿ ಉಳಿದಿರುವುದು ಹೊಡೆದಾಟಗಳಿಂದಲ್ಲ, ಎರಡು ಪ್ರೇಮಗಳು ಮಾಡಿದ ಗಾಯದಿಂದ.

ಅಂಬರೀಷ್ ಅವರನ್ನು ಗಟ್ಟಿ ನಾಯಕನ ಪಟ್ಟಕ್ಕೆ ಏರಿಸಿದ 'ಅಂತ' (1981) ಇನ್ನೂ ಕಠೋರ. 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ರಾಜೇಂದ್ರಸಿಂಗ್ ಬಾಬು ತೆರೆಗೆ ತಂದರು. ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ಪಾತಕಿ ಕನ್ವರ್‌ಲಾಲನ ವೇಷದಲ್ಲಿ ಗುಂಪಿನೊಳಗೆ ಸೇರಿರುತ್ತಾನೆ. ಅವನ ಗರ್ಭಿಣಿ ಹೆಂಡತಿ ಅದೇ ಗುಂಪಿನ ಕೈಗೆ ಸಿಕ್ಕು ಚಿತ್ರಹಿಂಸೆ ಅನುಭವಿಸುವಾಗ ಅವನು ಬಾಯಿ ಬಿಡುವಂತಿಲ್ಲ. ಬಾಯಿ ಬಿಟ್ಟರೆ ವೇಷ ಬಯಲು, ಹಿಡಿದ ಕೆಲಸ ಮಣ್ಣು. ಹೆಂಡತಿ ಇಲ್ಲದ ಪೊಲೀಸ್ ಆಗಿದ್ದರೆ ಅವನ ಕಾಠಿಣ್ಯಕ್ಕೆ ಇಂಥ ಪರೀಕ್ಷೆಯೇ ಬರುತ್ತಿರಲಿಲ್ಲ. ಆದರೆ ಆ ಪರೀಕ್ಷೆಯ ಬೆಲೆ ತೆತ್ತವಳು ಅವಳು ಎಂಬುದನ್ನೂ ಮರೆಯಬಾರದು. ಮಾಸ್ತಿಗಲ್ಲಿನ ನೆರಳು ಇಲ್ಲಿ ಮೊದಲ ಬಾರಿಗೆ ನಿಚ್ಚಳವಾಗಿ ಬೀಳುತ್ತದೆ.

ರಾಮನಗರದ ಬಂಡೆಗಳ ನಡುವೆ

ಇದೇ ಪ್ರಶ್ನೆಗೆ ಹಿಂದಿ ಸಿನಿಮಾ ಕೊಟ್ಟ ಅತ್ಯುತ್ತಮ ಉತ್ತರವೊಂದು ತಯಾರಾದದ್ದು ನಮ್ಮ ನೆಲದಲ್ಲೇ. 1975ರ ಆಗಸ್ಟ್ 15ರಂದು ತೆರೆಕಂಡ ರಮೇಶ್ ಸಿಪ್ಪಿ ಅವರ 'ಶೋಲೆ'ಯ ರಾಮಗಢ ಎದ್ದು ನಿಂತದ್ದು ರಾಮನಗರದ ಬಂಡೆಗಳ ಬುಡದಲ್ಲಿ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾದಾಗ ಆ ಸೀಮೆ ಇದೇ ಜಿಲ್ಲೆಗೆ ಸೇರಿತ್ತು, 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಯಿತು.

'ಶೋಲೆ'ಯ ಇಬ್ಬರು ಬಾಡಿಗೆ ಬಂಟರಿಗೂ ಒಂದೊಂದು ಪ್ರೇಮವಿದೆ. ವೀರುವಿನದು ಗದ್ದಲದ ಪ್ರೇಮ. ಜಟಕಾ ಓಡಿಸುವ ಬಾಯಿಬಡುಕಿ ಬಸಂತಿ ಜೊತೆ ಹಾಡು, ಜಗಳ, ನೀರಿನ ಟ್ಯಾಂಕಿನ ಮೇಲಿನ ಕುಡುಕ ನಾಟಕ. ಜೈನದು ಮೌನದ ಪ್ರೇಮ. ವಿಧವೆ ರಾಧಾ ಸಂಜೆ ದೀಪ ಆರಿಸುತ್ತಾಳೆ, ಅವನು ಅಂಗಳದಲ್ಲಿ ಕುಳಿತು ಬಾಯಿ ವಾದ್ಯ ಊದುತ್ತಾನೆ. ಇಬ್ಬರ ನಡುವೆ ಮಾತೇ ಇಲ್ಲವೆನ್ನಬಹುದು. ಮೊದಲನೆಯದನ್ನು ತೆಗೆದರೆ ಗಬ್ಬರ್‌ನ ಅಡ್ಡೆಯಲ್ಲಿ ಗಾಜಿನ ಚೂರುಗಳ ಮೇಲೆ ಬಸಂತಿ ಕುಣಿಯುವ ದೃಶ್ಯವಿಲ್ಲ, ಅದಿಲ್ಲದೆ ಕೊನೆಯ ಕಾಳಗವಿಲ್ಲ. ಎರಡನೆಯದನ್ನು ತೆಗೆದರೆ ಜೈ ಸತ್ತಾಗ ನಾವು ಒಬ್ಬ ಗೆಳೆಯನಿಗಾಗಿ ಮಾತ್ರ ಅಳುತ್ತೇವೆ. ರಾಧಾಳ ಕಿಟಕಿ ಮುಚ್ಚಿಕೊಂಡಾಗ, ಇನ್ನೇನು ಚಿಗುರಬೇಕಿದ್ದ ಬಾಳೊಂದು ಎರಡನೆಯ ಸಲ ಒಣಗಿತೆಂಬುದು ಎದೆಗೆ ತಾಗುತ್ತದೆ. ನಾಯಕರು ಮೆತ್ತಗಾದರು ಎಂದು ಐವತ್ತು ವರ್ಷಗಳಲ್ಲಿ ಯಾರೂ ದೂರಿದಂತಿಲ್ಲ.

ಅತಿಮಾನವನಿಗೂ ಬಿಡದ ಪ್ರಶ್ನೆ

ಈಚಿನ ವರ್ಷಗಳಲ್ಲಿ ಈ ಚರ್ಚೆ ಹೆಚ್ಚಾಗಿ ನಡೆಯುತ್ತಿರುವುದು ಪಾಶ್ಚಾತ್ಯರ ಸೂಪರ್‌ಹೀರೋಗಳ ಸುತ್ತ. ಹಾರುವ, ಗುಂಡು ತಾಗದ ಅತಿಮಾನವನಿಗೆ ಪ್ರೇಯಸಿ ಯಾಕೆ ಎಂಬುದು ವಾದ. ಆದರೆ ಆ ಪರಂಪರೆಯ ಹಿರಿಯಣ್ಣ ಸೂಪರ್‌ಮ್ಯಾನ್ 1938ರಲ್ಲಿ ಕಾಮಿಕ್ ಪುಸ್ತಕದಲ್ಲಿ ಹುಟ್ಟಿದಾಗ ಪತ್ರಕರ್ತೆ ಲೋಯಿಸ್ ಲೇನ್ ಕೂಡ ಅದೇ ಸಂಚಿಕೆಯಲ್ಲಿ ಹುಟ್ಟಿದಳು. ಇಬ್ಬರಿಗೂ ಒಂದೇ ವಯಸ್ಸು. ಅವಳು ನಂತರ ಅಂಟಿಸಿದ ಬಾಲವಲ್ಲ.

1980ರ 'ಸೂಪರ್‌ಮ್ಯಾನ್ 2' ಚಿತ್ರ ನಮ್ಮ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿತು. ಲೋಯಿಸ್ ಜೊತೆ ಬಾಳಲು ಅವನು ತನ್ನ ಶಕ್ತಿಗಳನ್ನೆಲ್ಲ ಬಿಟ್ಟುಕೊಡುತ್ತಾನೆ. ಮರುದಿನವೇ ಹೋಟೆಲೊಂದರಲ್ಲಿ ಸಾಮಾನ್ಯ ಪುಂಡನಿಂದ ಏಟು ತಿಂದು ತನ್ನ ರಕ್ತವನ್ನು ತಾನೇ ಮೊದಲ ಬಾರಿಗೆ ನೋಡುತ್ತಾನೆ. ಅಕ್ಷರಶಃ ಪ್ರೇಮ ಅವನನ್ನು ದುರ್ಬಲನನ್ನಾಗಿ ಮಾಡಿತು. ಆದರೂ ನೋಡುವವರಿಗೆ ಅವನು ಆ ಗಳಿಗೆಯಲ್ಲೇ ಹೆಚ್ಚು ಹತ್ತಿರದವನಾದ. ಏಟೇ ತಾಗದವನ ಧೈರ್ಯಕ್ಕೆ ಬೆಲೆಯಿಲ್ಲವಷ್ಟೆ.

ಇದರ ಇನ್ನೊಂದು ಮುಖ ಅಷ್ಟು ಚೆನ್ನಾಗಿಲ್ಲ. 1973ರಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಕಥೆಗಾರರು ಕೊಂದುಹಾಕಿದರು. ಓದುಗರು ಬೆಚ್ಚಿಬಿದ್ದರು. ಬರಬರುತ್ತ ಅದೊಂದು ಸುಲಭದ ಉಪಾಯವಾಯಿತು. ನಾಯಕನಿಗೆ ಕೋಪ ಬರಿಸಬೇಕೇ? ಅವನ ಹೆಂಗಸನ್ನು ಕೊಲ್ಲು. 1994ರ ಒಂದು ಕಾಮಿಕ್‌ನಲ್ಲಿ ನಾಯಕನ ಗೆಳತಿಯ ಹೆಣ ಅವನ ಮನೆಯ ಫ್ರಿಜ್‌ನಲ್ಲೇ ಸಿಕ್ಕಿತು. 1999ರಲ್ಲಿ ಗೇಲ್ ಸಿಮೋನ್ ಎಂಬ ಲೇಖಕಿ ಹೀಗೆ ಸತ್ತ, ನಲುಗಿದ ಪಾತ್ರಗಳ ಉದ್ದನೆಯ ಪಟ್ಟಿಯನ್ನೇ ಮುಂದಿಟ್ಟು, ಹೆಣ್ಣಿನ ಸಾವು ಗಂಡಿನ ಕಥೆಗೆ ಸೌದೆಯಾಗಬೇಕೇ ಎಂದು ಕೇಳಿದರು. ನಮ್ಮ ಮಾಸ್ತಿಗಲ್ಲುಗಳನ್ನು ಅವರು ನೋಡಿರಲಾರರು. ಪ್ರಶ್ನೆ ಮಾತ್ರ ಅದೇ.

ಪ್ರೇಯಸಿಯ ಜಾಗಕ್ಕೆ ತಾಯಿ

ಮತ್ತೆ ಕನ್ನಡಕ್ಕೆ ಬರೋಣ. 1995ರಲ್ಲಿ ಉಪೇಂದ್ರ ನಿರ್ದೇಶಿಸಿದ 'ಓಂ' ಭೂಗತ ಲೋಕದ ಚಿತ್ರಗಳಿಗೆಲ್ಲ ಮೇಲ್ಪಂಕ್ತಿಯಾಯಿತು. ಮತ್ತೆ ಮತ್ತೆ ಬಿಡುಗಡೆಯಾದ ಚಿತ್ರವದು. ಪುರೋಹಿತರ ಮಗ ಸತ್ಯ (ಶಿವರಾಜ್‌ಕುಮಾರ್) ಮಚ್ಚು ಹಿಡಿಯುವುದಕ್ಕೂ ಮಾಧುರಿಯೇ (ಪ್ರೇಮಾ) ಕಾರಣ, ಅದನ್ನು ಕೆಳಗಿಡುವುದಕ್ಕೂ ಅವಳೇ ಕಾರಣ. ನಮ್ಮ ಒರೆಗಲ್ಲಿಗೆ ಉಜ್ಜಿದರೆ ಅಪ್ಪಟ ಚಿನ್ನ. ಆದರೆ ಅವನು ಅವಳ ಬೆನ್ನುಬಿದ್ದು ಬೆದರಿಸುವ ದೃಶ್ಯಗಳಿಗೆ ಶಿಳ್ಳೆ ಬಿದ್ದದ್ದೂ, ಅದನ್ನೇ ಗಂಡಸುತನವೆಂದು ಬಗೆದು ನಂತರದ ಹತ್ತಾರು ಚಿತ್ರಗಳು ನಕಲು ಮಾಡಿದ್ದೂ ನಿಜ. ಕಾರಣ ಬಿಟ್ಟು ಬೆದರಿಕೆಯನ್ನಷ್ಟೇ ಕಲಿತರು.

ಹತ್ತು ವರ್ಷಗಳ ನಂತರ ಪ್ರೇಮ್ ನಿರ್ದೇಶನದ 'ಜೋಗಿ' ಬಂತು. ನಾಯಕಿ ಇದ್ದಳು, ಹಾಡುಗಳೂ ಇದ್ದವು. ಆದರೆ ಚಿತ್ರದ ಪ್ರಾಣವಿದ್ದದ್ದು ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದ ತಾಯಿಯಲ್ಲಿ. ಅರುಂಧತಿ ನಾಗ್ ಆ ತಾಯಿ. ತನ್ನ ತಾಯಿಯದೇ ಶವಯಾತ್ರೆ ಎಂದು ತಿಳಿಯದೆ ಮಗ ಅದರ ಮುಂದೆ ಕುಣಿಯುವ ದೃಶ್ಯಕ್ಕೆ ಅಳದವರಿಲ್ಲ. ಅಲ್ಲಿಂದ ಮುಂದೆ ಕನ್ನಡದ ಮಚ್ಚಿನ ನಾಯಕನ ಎದೆಯಲ್ಲಿ ಪ್ರೇಯಸಿಗಿದ್ದ ಜಾಗವನ್ನು ತಾಯಿ ತು೦ಬತೊಡಗಿದಳು. ತಾಯಿಗಾಗಿ ಅತ್ತರೆ ಗಂಡಸುತನಕ್ಕೆ ಕುಂದಿಲ್ಲ, ಪ್ರೇಯಸಿಗಾಗಿ ಅತ್ತರೆ ಕುಂದು ಎಂಬ ಲೆಕ್ಕ ಇದರ ಹಿಂದಿದೆಯೇನೋ.

2007ರ 'ದುನಿಯಾ' ಈ ಲೆಕ್ಕವನ್ನು ಮುರಿಯಿತು. ಸೂರಿ ನಿರ್ದೇಶಿಸಿದ ಈ ಚಿತ್ರದ ನಾಯಕ ಕಲ್ಲು ಒಡೆಯುವ ಹುಡುಗ. ಕ್ವಾರಿಗಳ ದೂಳು ಕಂಡ ನಮ್ಮ ಜಿಲ್ಲೆಯವರಿಗೆ ಅಪರಿಚಿತನೇನಲ್ಲ. ದಿಕ್ಕಿಲ್ಲದ ಹುಡುಗಿಯೊಬ್ಬಳನ್ನು ಕಾಪಾಡುವ ಹೊಣೆ ಹೊತ್ತಾಗಲೇ ಅವನು ನಗರದ ಕತ್ತಲೆಗೆ ಇಳಿಯುತ್ತಾನೆ. ವಿಜಯ್, ರಶ್ಮಿ ಇಬ್ಬರ ಪಾತ್ರಗಳಲ್ಲೂ ಹೊಳಪಿಲ್ಲ, ಹಸಿವಿದೆ. ಆ ಪ್ರೇಮವೇ ಕಥೆ.

ಹೊಸಕೋಟೆ ದಾಟಿ ಕೋಲಾರದತ್ತ ಹೋಗುವ ಹೆದ್ದಾರಿಯ ಆಚೆಯ ಚಿನ್ನದ ಗಣಿಯನ್ನು ದೇಶವೆಲ್ಲ ಮಾತಾಡುವಂತೆ ಮಾಡಿದ 'ಕೆಜಿಎಫ್' (2018, 2022) ಮತ್ತೆ ತಾಯಿಯ ಕಡೆಗೇ ಹೊರಳಿತು. ರಾಕಿ (ಯಶ್) ಲೋಕವನ್ನೇ ಎದುರು ಹಾಕಿಕೊಳ್ಳುವುದು ತಾಯಿಗೆ ಕೊಟ್ಟ ಮಾತಿಗಾಗಿ. ರೀನಾ (ಶ್ರೀನಿಧಿ ಶೆಟ್ಟಿ) ಮೊದಲ ಭಾಗದಲ್ಲಿ ಅವನ ಅಬ್ಬರಕ್ಕೊಂದು ನೆಪ. ಎರಡನೆಯದರಲ್ಲಿ ಗುಂಡಿಗೆ ಬಲಿ. ಅವಳನ್ನು ಕಥೆಯಿಂದ ತೆಗೆದರೂ ತಾಯಿಯ ಮಾತು ಉಳಿಯುತ್ತದೆ, ಚಿನ್ನ ಹೊತ್ತ ಹಡಗು ಕಡಲಿಗೇ ಹೋಗುತ್ತದೆ. ಪ್ರೇಮ ಪ್ರಸಂಗ ಬೇಡವಾಗಿತ್ತೆಂದು ಪ್ರೇಕ್ಷಕರಿಗೆ ಅನ್ನಿಸಿದ್ದರೆ ದೋಷ ಪ್ರೇಮದ್ದಲ್ಲ. ರೀನಾಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ.

ಅದೇ 2022ರಲ್ಲಿ ಬಂದ ರಿಷಬ್ ಶೆಟ್ಟಿ ಅವರ 'ಕಾಂತಾರ'ದಲ್ಲಿ ಎರಡೂ ಇವೆ. ನಾಯಕ ಶಿವ ಲೀಲಾಳನ್ನು ಚಿವುಟುವ ದೃಶ್ಯ ಟೀಕೆಗೆ ಗುರಿಯಾಯಿತು. ಆ ಟೀಕೆ ನ್ಯಾಯವಾದದ್ದೇ. ಆದರೆ ಲೀಲಾ (ಸಪ್ತಮಿ ಗೌಡ) ಅರಣ್ಯ ಇಲಾಖೆಯ ರಕ್ಷಕಿಯಾಗಿ ಸೇರಿ ಊರವರ ಕಾಡಿಗೆ ಬೇಲಿ ಹಾಕುವವರ ಸಾಲಿನಲ್ಲಿ ನಿಲ್ಲಬೇಕಾಗಿ ಬಂದಾಗ ಪ್ರೇಮಕ್ಕೆ ಇದ್ದಕ್ಕಿದ್ದಂತೆ ತೂಕ ಬರುತ್ತದೆ. ಹೊಟ್ಟೆಪಾಡಿನ ನೌಕರಿಯೋ, ಹುಟ್ಟೂರೋ ಎಂಬ ಅವಳ ಇಕ್ಕಟ್ಟು ಶಿವನ ಕೋಪದಷ್ಟೇ ನಿಜವಾದದ್ದು.

ಹಾಡಿಗೊಂದು ನಾಯಕಿ

ಹಾಗಾದರೆ ಕೆಲಸವಿಲ್ಲದ ನಾಯಕಿಯರು ಇಷ್ಟು ಚಿತ್ರಗಳಲ್ಲಿ ಯಾಕೆ ಬರುತ್ತಾರೆ? ಕಾರಣ ಬಹಳ ಮಟ್ಟಿಗೆ ವ್ಯಾಪಾರದ್ದು. ಟೆಂಟ್ ಸಿನಿಮಾದ ಕಾಲದಿಂದಲೂ ಹೆಂಗಸರು, ಮಕ್ಕಳು ಬಂದರೆ ಮಾತ್ರ ಚಿತ್ರ ಓಡುತ್ತದೆ ಎಂಬುದು ಗಾಂಧಿನಗರದ ನಂಬಿಕೆ. ಬರೀ ಹೊಡೆದಾಟಕ್ಕೆ ಅವರು ಬರುವುದಿಲ್ಲ, ಆದ್ದರಿಂದ ಹಾಡು, ಪ್ರೀತಿ, ಸೆಂಟಿಮೆಂಟ್ ಬೇಕು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂದ ಮೇಲೆ ಹಾಡುಗಳು ಚಿತ್ರಕ್ಕಿಂತ ಮೊದಲೇ ಮನೆ ತಲುಪಿ ಹಣ ತರತೊಡಗಿದವು. ಯುಗಳಗೀತೆ ಬೇಕಾದರೆ ನಾಯಕಿ ಬೇಕು. ಕಥೆ ಬರೆದು ಮುಗಿಸಿದ ಮೇಲೆ ಅವಳಿಗಾಗಿ ನಾಲ್ಕು ದೃಶ್ಯ, ಎರಡು ಹಾಡು ಎಂದು ಜಾಗ ಬಿಡಿಸುತ್ತಾರೆ. ಗಟ್ಟಿ ನಾಯಕನ ಚಿತ್ರವನ್ನು ಹಾಳುಗೆಡವುವುದು ಹೀಗೆ ಕೊನೆಯಲ್ಲಿ ಹಚ್ಚಿದ ಈ ತೇಪೆ.

ತೇಪೆಯನ್ನು ಕಂಡ ಪ್ರೇಕ್ಷಕ ಮಾತ್ರ ತೇಪೆ ಹಚ್ಚಿದವನನ್ನು ಬಯ್ಯುವುದಿಲ್ಲ. 'ಲವ್ ಬಂದು ಕೆಡಿಸಿತು' ಎನ್ನುತ್ತಾನೆ. ನಟನೆಗೆ ಅವಕಾಶವೇ ಸಿಗದ ನಟಿ ಆ ಬಯ್ಗುಳಕ್ಕೆ ಗುರಿಯಾಗುತ್ತಾಳೆ. ನೋಡುತ್ತ ಕುಳಿತ ಹುಡುಗ ಹೆಣ್ಣೆಂದರೆ ದಾರಿಯ ಅಡ್ಡಿ, ಪ್ರೀತಿಯೆಂದರೆ ಸೋಲು ಎಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾನೆ. ನಿಜವಾದ ನಷ್ಟವಾಗುವುದು ಇಲ್ಲಿ.

ಗಾಳಿ ಬದಲಾಗುವ ಸೂಚನೆಗಳೂ ಇವೆ. 2025ರ ಆಗಸ್ಟ್‌ನಲ್ಲಿ ತೆರೆಕಂಡ ಮಲಯಾಳದ 'ಲೋಕಾ' ಚಿತ್ರದ ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲಿ. ಅತಿಮಾನುಷ ಶಕ್ತಿ ಇರುವುದು ಚಂದ್ರಾ ಎಂಬ ಹೆಣ್ಣಿಗೆ. ಅವಳನ್ನು ಮೆಚ್ಚಿ ಬೆರಗಾಗಿ ನೋಡುವ ಎದುರು ಮನೆಯ ಹುಡುಗ ಬಡಪಾಯಿ. ಗಂಡಿನ ಜಾಗದಲ್ಲಿ ಹೆಣ್ಣು, ಹೆಣ್ಣಿನ ಜಾಗದಲ್ಲಿ ಗಂಡು. ಅವನು ಪ್ರೀತಿಸಿದನೆಂದು ಅವಳ ಶಕ್ತಿಯೇನೂ ಕುಂದಲಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ವೀರನಿಗೆ ಪ್ರೇಮ ಬೇಕೇ ಬೇಡವೇ ಎಂಬುದಲ್ಲ. ಆ ಪ್ರೇಮಕ್ಕಾಗಿ ಅವನು ಏನು ಕೊಟ್ಟ, ಅವಳು ಏನು ಕೊಟ್ಟಳು ಎಂಬುದು. ಅವಳೊಬ್ಬಳೇ ಕೊಡುತ್ತ ಹೋದರೆ ಅದು ಮಾಸ್ತಿಗಲ್ಲಿನ ಕಥೆ. ಇಬ್ಬರೂ ಕೊಟ್ಟರೆ ಅದು ರನ್ನನ ಭೀಮ–ದ್ರೌಪದಿಯರ ಕಥೆ. ಕನ್ನಡದ ಚಿತ್ರಕಥೆ ಬರೆಯುವವರ ಮುಂದೆ ಎರಡು ಮಾದರಿಗಳೂ ಸಾವಿರ ವರ್ಷದಿಂದ ಇವೆ. ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ಅವರ ನಾಯಕ ಎಷ್ಟು ಗಟ್ಟಿ ಎಂಬುದು ನಿರ್ಧಾರವಾಗುತ್ತದೆ.